ಮರೆವೆಂಬ ಕವಚ

ವಾರವಾರವೂ ಧಾರಾವಾಹಿ ಓದುವ ಮನೆಗಳಲ್ಲಿ ಒಂದು ಮಾತು ಸಾಮಾನ್ಯವಾಗಿ ಕಿವಿಗೆ ಬೀಳುತ್ತದೆ. ಹಿಂದಿನ ಸಂಚಿಕೆಯನ್ನು ತಪ್ಪಿಸಿಕೊಂಡವರು ಓದಿದವರನ್ನು ಹಿಡಿದು, “ಹೋದ ವಾರ ಏನಾಯಿತು?” ಎಂದು ಕೇಳುತ್ತಾರೆ. ಓದಿದವರು ತುಸು ಹೆಮ್ಮೆಯಿಂದಲೇ ಕಥೆಯ ಎಳೆಯನ್ನು ಜೋಡಿಸಿಕೊಡುತ್ತಾರೆ. ಧಾರಾವಾಹಿಯ ಜೀವವೇ ನೆನಪು. ಮೊದಲ ಕಂತಿನಲ್ಲಿ ನಾಯಕಿ ಏಕೆ ಅತ್ತಳೆಂಬುದನ್ನು ನಲವತ್ತನೆಯ ಕಂತಿನ ಓದುಗನು ಮರೆತನಾದರೆ ಕಥೆ ಅಲ್ಲಿಗೇ ಕುಸಿಯಿತು. ಆದರೆ ಇನ್ನೊಂದು ಬಗೆಯ ಕಥಾಮಾಲೆಯೂ ಉಂಟು. ಅಲ್ಲಿ ನಾಯಕ ಒಬ್ಬನೇ; ಸಾಹಸ ಮಾತ್ರ ಪ್ರತಿಸಲವೂ ಬೇರೆ. ಹಿಂದಿನ ಸಾಹಸದ ಗಾಯ ಅವನ ಮೈಮೇಲೆಯೂ ಉಳಿದಿರುವುದಿಲ್ಲ, ಮನಸ್ಸಿನಲ್ಲಿಯೂ ಉಳಿದಿರುವುದಿಲ್ಲ. ಓದುಗನು ಯಾವ ಸಂಪುಟವನ್ನಾದರೂ ಮೊದಲು ಕೈಗೆತ್ತಿಕೊಳ್ಳಬಹುದು. ಅಂತಹ ಮಾಲೆಯ ಜೀವ ಮರೆವು.

ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡನ ಚಲಚ್ಚಿತ್ರಗಳು ಈ ಎರಡನೆಯ ಬಗೆಗೆ ಸೇರಿದವು. ೧೯೬೨ರಲ್ಲಿ ಅವುಗಳಲ್ಲಿ ಮೊದಲನೆಯದು ತೆರೆಕಂಡಿತು, ೨೦೨೧ರಲ್ಲಿ ಇಪ್ಪತ್ತೈದನೆಯದು. ಈಯಾನ್ ಎಂಬ ಒಂದೇ ಸಂಸ್ಥೆ ತೆಗೆದ ಈ ಇಪ್ಪತ್ತೈದು ಚಿತ್ರಗಳಲ್ಲಿ ಆರು ಮಂದಿ ನಟರು ಒಬ್ಬರಾದ ಮೇಲೊಬ್ಬರು ಆ ಪಾತ್ರವನ್ನು ವಹಿಸಿದರು. ಈ ಅವಧಿಯಲ್ಲಿ ಬರ್ಲಿನ್ನಿನ ಗೋಡೆ ಬಿದ್ದುಹೋಯಿತು, ಸೋವಿಯತ್ ಒಕ್ಕೂಟ ಚದುರಿಹೋಯಿತು, ಹಲವು ದೇಶಗಳ ಭೂಪಟಗಳೇ ಬದಲಾದವು. ‘೦೦೭’ ಎಂಬ ಸಂಖ್ಯೆ ಮಾತ್ರ ಅಳಿಯಲಿಲ್ಲ. ಇಷ್ಟು ದೀರ್ಘವಾದ ಆಯುಸ್ಸು ಒಬ್ಬ ಕಲ್ಪಿತ ಪುರುಷನಿಗೆ ಹೇಗೆ ಒದಗಿತು, ಕೊನೆಗೆ ಅದು ಏಕೆ ಮುಗಿಯಿತು ಎಂಬುದನ್ನು ಹುಡುಕಹೊರಟರೆ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ದೊರೆಯುತ್ತದೆ. ಮರೆವೇ ಅವನ ಕವಚವಾಗಿತ್ತು. ನೆನಪು ಬಂದ ದಿನ ಅವನು ಮರ್ತ್ಯನಾದನು.

ಈ ಪಾತ್ರವನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ೧೯೦೮ರಲ್ಲಿ ಜನಿಸಿದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚಾರ ವಿಭಾಗದಲ್ಲಿ ಕೆಲಸಮಾಡಿದ್ದನು. ಯುದ್ಧ ಮುಗಿದ ಬಳಿಕ ಜಮೈಕ ದ್ವೀಪದಲ್ಲಿ ‘ಗೋಲ್ಡನ್‌ಐ’ ಎಂಬ ಹೆಸರಿನ ಮನೆಯನ್ನು ಕಟ್ಟಿಸಿಕೊಂಡು, ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿ ಕುಳಿತು ಕಾದಂಬರಿಗಳನ್ನು ಬರೆದನು. ಮೊದಲನೆಯದಾದ ‘ಕಸೀನೋ ರಾಯಲ್’ ೧೯೫೩ರಲ್ಲಿ ಪ್ರಕಟವಾಯಿತು. ನಾಯಕನ ಹೆಸರು ಆದಷ್ಟು ಸಪ್ಪೆಯಾಗಿರಲೆಂಬುದು ಅವನ ಅಪೇಕ್ಷೆ. ವೆಸ್ಟ್ ಇಂಡೀಸಿನ ಪಕ್ಷಿಗಳನ್ನು ಕುರಿತ ಒಂದು ಪುಸ್ತಕ ಅವನ ಬಳಿಯಲ್ಲಿತ್ತು. ಅದರ ಕರ್ತೃವಾದ ಅಮೆರಿಕದ ಪಕ್ಷಿಶಾಸ್ತ್ರಜ್ಞನ ಹೆಸರನ್ನೇ ಎತ್ತಿಕೊಂಡು ಗೂಢಚಾರನಿಗೆ ಇಟ್ಟುಬಿಟ್ಟನು. ೧೯೬೪ರ ಆಗಸ್ಟ್ ತಿಂಗಳಿನಲ್ಲಿ ಫ್ಲೆಮಿಂಗ್ ತೀರಿಕೊಂಡನು. ಆ ವೇಳೆಗೆ ತೆರೆಗೆ ಬಂದಿದ್ದುವು ಎರಡೇ ಚಿತ್ರಗಳು. ತನ್ನ ಸೃಷ್ಟಿ ಮುಂದೆ ಯಾವ ಯಾವ ಅವತಾರಗಳನ್ನು ತಾಳಲಿದೆಯೆಂಬುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

೧೯೬೧ರಲ್ಲಿ ಆಲ್ಬರ್ಟ್ ಬ್ರಾಕಲಿ ಮತ್ತು ಹ್ಯಾರಿ ಸಾಲ್ಟ್ಸ್‌ಮನ್ ಎಂಬ ಇಬ್ಬರು ನಿರ್ಮಾಪಕರು ಜೊತೆಗೂಡಿ ಈಯಾನ್ ಸಂಸ್ಥೆಯನ್ನು ಆರಂಭಿಸಿದರು. ಮೊದಲ ಚಿತ್ರ ‘ಡಾಕ್ಟರ್ ನೋ’ ೧೯೬೨ರ ಅಕ್ಟೋಬರ್ ೫ರಂದು ಲಂಡನ್ನಿನಲ್ಲಿ ತೆರೆಕಂಡಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು ಹತ್ತು ಲಕ್ಷ ಡಾಲರು. ಹಾಲಿವುಡ್ಡಿನ ಲೆಕ್ಕದಲ್ಲಿ ಅದೇನೂ ದೊಡ್ಡ ಮೊತ್ತವಲ್ಲ. ನಾಯಕನಾದ ಶಾನ್ ಕಾನರಿ ಒಂದು ಕಾಲಕ್ಕೆ ಎಡಿನ್‌ಬರೋ ನಗರದಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದವನು. ಅವನ ನಡಿಗೆಯಲ್ಲಿ ಹುಲಿಯ ಗತ್ತಿತ್ತು, ಮಾತಿನಲ್ಲಿ ತಣ್ಣನೆಯ ಹಾಸ್ಯವಿತ್ತು. ಯುದ್ಧಾನಂತರದ ಬಡತನದಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಬ್ರಿಟಿಷ್ ಪ್ರೇಕ್ಷಕನಿಗೆ ಅವನು ವಿಮಾನಯಾನ, ಬೆಲೆಬಾಳುವ ಉಡುಪು, ಬಿಸಿಲು ತುಂಬಿದ ಕಡಲತೀರ ಇವೆಲ್ಲವನ್ನೂ ಎರಡು ಗಂಟೆಗಳ ಮಟ್ಟಿಗೆ ಒದಗಿಸಿಕೊಟ್ಟನು. ಕೈಬಿಟ್ಟುಹೋದ ಸಾಮ್ರಾಜ್ಯದ ಒಂದು ತುಣುಕು ಇನ್ನೂ ಎಲ್ಲಿಯೋ ಉಳಿದಿದೆ ಎಂಬ ಸಮಾಧಾನವನ್ನೂ ಕೊಟ್ಟನೆಂದರೆ ತಪ್ಪಾಗಲಾರದು.

ಯಕ್ಷಗಾನದ ಪ್ರಸಂಗ ಯಾವುದೇ ಆಗಲಿ, ಒಡ್ಡೋಲಗದ ಕ್ರಮ ತಪ್ಪುವಂತಿಲ್ಲ. ಹಾಗೆಯೇ ಈ ಚಿತ್ರಗಳಿಗೂ ಒಂದು ಕ್ರಮ ಬಹುಬೇಗ ಕುದುರಿತು. ಬಂದೂಕಿನ ನಳಿಗೆಯ ಒಳಗಿನಿಂದ ಕಾಣುವ ನಾಯಕ, ಕಿವಿಗೆ ಬಿದ್ದೊಡನೆ ಗುರುತು ಸಿಕ್ಕುವ ವಾದ್ಯಘೋಷ, ಶೀರ್ಷಿಕೆಗೆ ಮುಂಚೆಯೇ ಒಂದು ಸಾಹಸ, ಆಮೇಲೆ ಕಚೇರಿ. ಆ ಕಚೇರಿಯೇ ಒಂದು ಸಂಸಾರದಂತೆ. ಗದರಿಸುವ ಮೇಲಧಿಕಾರಿ ‘ಎಂ’, ಒಲವನ್ನು ನಗೆಯಲ್ಲಿ ಮುಚ್ಚಿಕೊಳ್ಳುವ ಕಾರ್ಯದರ್ಶಿನಿ ಮನಿಪೆನ್ನಿ, ಹೊಸ ಹೊಸ ಯಂತ್ರಗಳನ್ನು ಕೈಗಿತ್ತು ಜೋಪಾನವಾಗಿ ಹಿಂದಕ್ಕೆ ತಾ ಎಂದು ಗೊಣಗುವ ‘ಕ್ಯೂ’. ಬರ್ನಾರ್ಡ್ ಲೀ ಹನ್ನೊಂದು ಚಿತ್ರಗಳಲ್ಲಿ ಮೇಲಧಿಕಾರಿಯಾಗಿದ್ದನು. ಲೋಯಿಸ್ ಮ್ಯಾಕ್ಸ್‌ವೆಲ್ ಹದಿನಾಲ್ಕು ಚಿತ್ರಗಳಲ್ಲಿ ಮನಿಪೆನ್ನಿಯಾಗಿದ್ದಳು. ಡೆಸ್ಮಂಡ್ ಲೂಯೆಲಿನ್ ೧೯೬೩ರಿಂದ ೧೯೯೯ರವರೆಗೆ ಹದಿನೇಳು ಚಿತ್ರಗಳಲ್ಲಿ ‘ಕ್ಯೂ’ ಆಗಿ ಬಂದನು. ನಾಯಕರು ಬಂದರು, ಹೋದರು. ಮನೆಯ ಹಿರಿಯರು ಇದ್ದಲ್ಲಿಯೇ ಇದ್ದರು. ಹೊಸ ನಟನನ್ನು ನೋಡಿ ‘ಇವನು ಅವನಲ್ಲ’ ಎನ್ನಲು ಹೊರಟ ಪ್ರೇಕ್ಷಕ, ಮನಿಪೆನ್ನಿಯೇ ಅವನನ್ನು ಜೇಮ್ಸ್ ಎಂದು ಕರೆದಾಗ ಸುಮ್ಮನಾಗುತ್ತಿದ್ದನು.

ಬಹುಕಾಲ ನಡೆಯುವ ಯಾವ ಮಾಲೆಗೂ ತಪ್ಪದ ಒಂದು ರೋಗವುಂಟು. ಹಿಂದಿನದಕ್ಕಿಂತ ಮುಂದಿನದು ದೊಡ್ಡದಾಗಬೇಕೆಂಬ ಹಂಬಲವೇ ಆ ರೋಗ. ೧೯೬೪ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಗುಂಡು ಹಾರಿಸುವ, ಪಕ್ಕದಲ್ಲಿ ಕುಳಿತವನನ್ನು ಮೇಲಕ್ಕೆ ಚಿಮ್ಮಿಸುವ ಆಸ್ಟನ್ ಮಾರ್ಟಿನ್ ಕಾರು ಬಂದಿತು. ೧೯೬೫ರ ‘ಥಂಡರ್‌ಬಾಲ್’ನಲ್ಲಿ ಸಮುದ್ರದಡಿಯಲ್ಲಿಯೇ ಯುದ್ಧ ನಡೆಯಿತು. ೧೯೬೭ರಲ್ಲಿ ಜಪಾನಿನ ಕಥೆಗಾಗಿ ಕೆನ್ ಆಡಂ ಎಂಬ ಕಲಾನಿರ್ದೇಶಕನು ಜ್ವಾಲಾಮುಖಿಯ ಒಡಲನ್ನೇ ಸ್ಟುಡಿಯೋದಲ್ಲಿ ಕಟ್ಟಿ ನಿಲ್ಲಿಸಿದನು. ಆ ಒಂದು ರಂಗಸಜ್ಜಿಕೆಗೆ ತಗುಲಿದ ಹಣ ‘ಡಾಕ್ಟರ್ ನೋ’ ಚಿತ್ರದ ಒಟ್ಟು ವೆಚ್ಚಕ್ಕೆ ಹೆಚ್ಚು ಕಡಿಮೆ ಸಮನಾಗಿತ್ತು. ಜ್ವಾಲಾಮುಖಿಯ ಅಗಾಧತೆಯ ಮುಂದೆ ನಾಯಕನು ಇರುವೆಯಂತೆ ಕಂಡನು. ಬೇಸತ್ತ ಕಾನರಿ ಪಾತ್ರವನ್ನು ಬಿಟ್ಟು ನಡೆದನು.

ಆಗ ಮಾಲೆ ತನ್ನ ಹುಟ್ಟುಗುಣಕ್ಕೆ ವಿರುದ್ಧವಾದ ಒಂದು ಕೆಲಸವನ್ನು ಮಾಡಿತು. ೧೯೬೯ರಲ್ಲಿ ತೆರೆಕಂಡ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಚಿತ್ರದಲ್ಲಿ ಜಾರ್ಜ್ ಲೇಜನ್‌ಬಿ ಎಂಬ ಆಸ್ಟ್ರೇಲಿಯದ ರೂಪದರ್ಶಿ ನಾಯಕನಾದನು. ಯಂತ್ರಗಳ ಅಬ್ಬರ ತಗ್ಗಿತು. ಕಥೆ ಫ್ಲೆಮಿಂಗನ ಕಾದಂಬರಿಗೆ ನಿಷ್ಠವಾಯಿತು. ನಾಯಕನು ಟ್ರೇಸಿ ಎಂಬಾಕೆಯನ್ನು ಮನಸಾರೆ ಪ್ರೀತಿಸಿ ಮದುವೆಯಾಗುತ್ತಾನೆ. ಮದುವೆಯ ಮಂಟಪದಿಂದ ಹೊರಟ ಕಾರು ದಾರಿಯಲ್ಲಿ ನಿಂತಿರುವಾಗ ವೈರಿಯ ಗುಂಡು ಆಕೆಯನ್ನು ಬಲಿತೆಗೆದುಕೊಳ್ಳುತ್ತದೆ. ಹೂವಿನ ಅಲಂಕಾರ ಇನ್ನೂ ಬಾಡಿರುವುದಿಲ್ಲ. ನಾಯಕನು ಹೆಣದ ಮುಂದೆ ತಲೆಬಾಗಿ ಕುಳಿತಿರುವಂತೆಯೇ ಚಿತ್ರ ಮುಗಿಯುತ್ತದೆ. ಕೊಲ್ಲುವುದನ್ನೇ ವೃತ್ತಿಯಾಗಿಸಿಕೊಂಡವನ ಮಡಿಲಿಗೆ ಮೊದಲ ಸಲ ಸಾವು ಬಂದು ಬಿದ್ದಿತು.

ಇದೇ ಚಿತ್ರದಲ್ಲಿ ಮರೆವಿನ ಒಂದು ಸೋಜಿಗವೂ ಇದೆ. ಎರಡು ವರ್ಷಗಳ ಹಿಂದಿನ ಚಿತ್ರದಲ್ಲಿ ನಾಯಕನು ಬ್ಲೋಫೆಲ್ಡ್ ಎಂಬ ಪ್ರಧಾನ ವೈರಿಯನ್ನು ಮುಖಾಮುಖಿಯಾಗಿ ಕಂಡಿದ್ದನು. ಈ ಚಿತ್ರದಲ್ಲಿ ಅದೇ ಬ್ಲೋಫೆಲ್ಡ್ ಅವನನ್ನು ಗುರುತಿಸುವುದೇ ಇಲ್ಲ! ಕಾರಣ ಸರಳವಾದುದು. ಕಾದಂಬರಿಗಳು ಬಂದ ಕ್ರಮ ಬೇರೆ, ಚಿತ್ರಗಳು ಬಂದ ಕ್ರಮ ಬೇರೆ. ಕಾದಂಬರಿಗಳಲ್ಲಿ ಮೊದಲು ಬಂದ ಕಥೆ ತೆರೆಯ ಮೇಲೆ ಅನಂತರ ಬಂದುದರಿಂದ ಈ ತೊಡಕು ಹುಟ್ಟಿತು. ಪ್ರೇಕ್ಷಕರಲ್ಲಿ ಹೆಚ್ಚಿನವರು ಇದನ್ನು ದೊಡ್ಡ ದೋಷವೆಂದು ಎಣಿಸಲಿಲ್ಲ. ಹಿಂದಿನದನ್ನು ಕೇಳಬಾರದೆಂಬ ಒಪ್ಪಂದ ತೆರೆಗೂ ಸಭಾಂಗಣಕ್ಕೂ ನಡುವೆ ಆಗಲೇ ಏರ್ಪಟ್ಟಿತ್ತು.

೧೯೭೧ರ ಹೊತ್ತಿಗೆ ಲೇಜನ್‌ಬಿ ಇಲ್ಲ. ಕಾನರಿ ಹನ್ನೆರಡೂವರೆ ಲಕ್ಷ ಡಾಲರ್ ಸಂಭಾವನೆಗೆ ಮರಳಿ ಬಂದನು. ಆ ಹಣವನ್ನು ಸ್ಕಾಟ್ಲೆಂಡಿನ ವಿದ್ಯಾರ್ಥಿಗಳ ನೆರವಿಗಾಗಿ ತಾನೇ ಸೇರಿ ಸ್ಥಾಪಿಸಿದ ನಿಧಿಗೆ ಕೊಟ್ಟನೆಂಬುದು ಅವನ ಹಿರಿಮೆ. ಚಿತ್ರದ ಆರಂಭದಲ್ಲಿ ನಾಯಕನು ಬ್ಲೋಫೆಲ್ಡನನ್ನು ದೇಶದೇಶಗಳಲ್ಲಿ ಹುಡುಕುತ್ತಾನೆ. ಆದರೆ ಸತ್ತ ಹೆಂಡತಿಯ ಹೆಸರು ಒಮ್ಮೆಯೂ ಅವನ ಬಾಯಿಗೆ ಬರುವುದಿಲ್ಲ. ಚಿತ್ರ ನಗುನಗುತ್ತ ಸಾಗುತ್ತದೆ. ಸೂತಕವನ್ನು ಕಳೆಯದೆಯೇ ಹಬ್ಬಕ್ಕೆ ಹೊರಟ ಮನೆಯಂತೆ ಇದು ಕೆಲವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಮಾಲೆಯ ಆಯುಸ್ಸಿನ ದೃಷ್ಟಿಯಿಂದ ಆ ಮರೆವು ಅನಿವಾರ್ಯವಾಗಿತ್ತು. ದುಃಖವನ್ನು ಹೊತ್ತವನು ಮುದುಕನಾಗುತ್ತಾನೆ. ಈ ನಾಯಕ ಮುದುಕನಾಗುವಂತಿರಲಿಲ್ಲ.

೧೯೭೩ರಲ್ಲಿ ಪಾತ್ರ ರಾಜರ್ ಮೂರನ ಪಾಲಿಗೆ ಬಂದಿತು. ಅವನು ಕಾನರಿಗಿಂತ ವಯಸ್ಸಿನಲ್ಲಿ ಹಿರಿಯ, ಸ್ವಭಾವದಲ್ಲಿ ಹಗುರ. ಆ ಕಾಲದಲ್ಲಿ ಬೀಸುತ್ತಿದ್ದ ಗಾಳಿಯೆಲ್ಲವೂ ಮಾಲೆಯ ಹಾಯಿಗೆ ತಗುಲಿತು. ಅಮೆರಿಕದಲ್ಲಿ ಕಪ್ಪು ಜನರ ಬದುಕನ್ನು ತೋರಿಸುವ ಸಾಹಸಚಿತ್ರಗಳು ಜನಪ್ರಿಯವಾಗಿದ್ದಾಗ ಬಾಂಡ್ ಹಾರ್ಲೆಮ್ಮಿಗೆ ಹೋದನು. ಬ್ರೂಸ್ ಲೀಯ ಮುಷ್ಟಿಯುದ್ಧ ಜಗತ್ತನ್ನು ಗೆದ್ದ ಮರುವರ್ಷವೇ, ೧೯೭೪ರಲ್ಲಿ, ಅವನೂ ಪೂರ್ವದೇಶದ ಮಲ್ಲಶಾಲೆಯೊಂದರಲ್ಲಿ ಕಾಣಿಸಿಕೊಂಡನು. ೧೯೭೭ರ ಚಿತ್ರದ ಕೊನೆಯಲ್ಲಿ ಮುಂದಿನ ಚಿತ್ರ ‘ಫಾರ್ ಯುವರ್ ಐಸ್ ಓನ್ಲಿ’ ಎಂದು ಪ್ರಕಟಿಸಲಾಗಿತ್ತು. ಆದರೆ ಅದೇ ವರ್ಷ ‘ಸ್ಟಾರ್ ವಾರ್ಸ್’ ಬಂದು ಪ್ರೇಕ್ಷಕರನ್ನು ನಕ್ಷತ್ರಲೋಕಕ್ಕೆ ಕೊಂಡೊಯ್ದಿತು. ಪ್ರಕಟಣೆಯನ್ನು ಬದಿಗಿಟ್ಟು ನಿರ್ಮಾಪಕರು ೧೯೭೯ರಲ್ಲಿ ‘ಮೂನ್‌ರೇಕರ್’ ತೆಗೆದು ಗೂಢಚಾರನನ್ನು ಆಕಾಶಕ್ಕೇ ಹಾರಿಸಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ‘ಮೂನ್‌ರೇಕರ್’ ಸೋತ ಚಿತ್ರವಲ್ಲ. ೧೯೯೫ರವರೆಗೆ ಮಾಲೆಯ ಯಾವ ಚಿತ್ರವೂ ಅಷ್ಟು ಹಣವನ್ನು ಗಳಿಸಲಿಲ್ಲ. ಸೋತಾಗ ತಿದ್ದಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಗೆದ್ದಾಗ ತಿದ್ದಿಕೊಳ್ಳುವುದು ವಿರಳ. ಬಾಹ್ಯಾಕಾಶದಿಂದ ಮುಂದೆ ಹೋಗಲು ಸ್ಥಳವೇ ಇಲ್ಲವೆಂಬುದನ್ನು ಬ್ರಾಕಲಿ ಅರಿತನು. ೧೯೮೧ರ ಚಿತ್ರದಲ್ಲಿ ನಾಯಕನು ನೆಲಕ್ಕಿಳಿದನು. ಹಗ್ಗವೊಂದನ್ನು ಹಿಡಿದು, ಉಗುರು ಊರಿ, ಗ್ರೀಸ್ ದೇಶದ ಕಡಿದಾದ ಬಂಡೆಯನ್ನು ಹತ್ತುವ ಸಾಮಾನ್ಯ ಮನುಷ್ಯನಾದನು. ಆ ಚಿತ್ರ ಆರಂಭವಾಗುವುದೂ ಒಂದು ಸಮಾಧಿಯ ಬಳಿ. ಕಲ್ಲಿನ ಮೇಲೆ ಟ್ರೇಸಿಯ ಹೆಸರು, ಮರಣದ ವರ್ಷ ೧೯೬೯. ಹನ್ನೆರಡು ವರ್ಷಗಳ ಮೇಲೆ ಗಂಡ ಹೂವನ್ನಿಡಲು ಬಂದಿದ್ದಾನೆ.

ಈ ದೃಶ್ಯ ಹುಟ್ಟಿದ ಬಗೆಯೂ ಸ್ವಾರಸ್ಯವಾದುದು. ರಾಜರ್ ಮೂರ್ ಮತ್ತೆ ನಟಿಸುವನೋ ಇಲ್ಲವೋ ಎಂಬ ಅನುಮಾನವಿದ್ದುದರಿಂದ, ಹೊಸ ನಟ ಬಂದರೆ ಅವನನ್ನು ಪರಿಚಯಿಸಲು ಇದನ್ನು ಬರೆಯಲಾಗಿತ್ತು. ದುಷ್ಯಂತನ ಉಂಗುರ ಶಕುಂತಲೆಯ ಗುರುತಾದಂತೆ, ಆ ಸಮಾಧಿ ಅಪರಿಚಿತ ಮುಖಕ್ಕೆ ಗುರುತಾಗಬೇಕಾಗಿತ್ತು. ಮಾಲೆಗೆ ನೆನಪು ಬೇಡವಾಗಿದ್ದರೂ ಒಂದು ಗಾಯ ಬೇಕಾಗಿತ್ತು. ೧೯೭೭ರಲ್ಲಿ ರಷ್ಯದ ಗೂಢಚಾರಿಣಿಯೊಬ್ಬಳು ಅವನ ಹೆಂಡತಿಯ ಮಾತೆತ್ತಿದಾಗ ಅವನು ಥಟ್ಟನೆ ಮಾತನ್ನು ತುಂಡರಿಸುತ್ತಾನೆ. ೧೯೮೯ರಲ್ಲಿ ಗೆಳೆಯನೊಬ್ಬನು, ಅವನಿಗೂ ಹಿಂದೆ ಒಮ್ಮೆ ಮದುವೆಯಾಗಿತ್ತೆಂದು ಮೆಲ್ಲನೆ ಹೇಳುತ್ತಾನೆ. ಹತ್ತು ಚಿತ್ರಗಳ ಉದ್ದಕ್ಕೂ ಇಂತಹ ಮೂರು ನಾಲ್ಕು ನಿಟ್ಟುಸಿರುಗಳು. ಅಷ್ಟೇ ಆ ನಾಯಕನ ಪೂರ್ವಸ್ಮೃತಿ. ೧೯೮೯ರಲ್ಲಿ ಆ ಪಾತ್ರವನ್ನು ವಹಿಸಿದ್ದ ಟಿಮೊತಿ ಡಾಲ್ಟನ್ನನಿಗೆ ೧೯೬೯ರಲ್ಲಿ ಇಪ್ಪತ್ತಮೂರು ವರ್ಷ ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕಬಾರದೆಂಬುದೇ ಆ ಆಟದ ನಿಯಮ.

ವಯಸ್ಸು ಮಾತ್ರ ನಿಯಮಗಳಿಗೆ ಕಿವಿಗೊಡುವುದಿಲ್ಲ. ೧೯೮೩ರಲ್ಲಿ ಬಾಂಡ್ ಭಾರತಕ್ಕೆ ಬಂದು, ಉದಯಪುರದ ಸರೋವರದ ನಡುವಣ ಅರಮನೆಯಲ್ಲಿ ಸಾಹಸ ಮಾಡಿದನು. ಟೆನ್ನಿಸ್ ಆಟಗಾರ ವಿಜಯ್ ಅಮೃತರಾಜ್ ಅವನಿಗೆ ನೆರವಾದನು. ಕಬೀರ್ ಬೇಡಿ ವೈರಿಯ ಬಲಗೈಯಾದನು. ಎರಡು ವರ್ಷಗಳ ಬಳಿಕ ಮೂರ್ ಕಡೆಯ ಬಾರಿಗೆ ಆ ಪಾತ್ರದಲ್ಲಿ ಕಾಣಿಸಿಕೊಂಡಾಗ ಅವನಿಗೆ ಐವತ್ತೇಳು ವರ್ಷ. ಪಾತ್ರಕ್ಕೆ ಮುಪ್ಪಿಲ್ಲದಿದ್ದರೂ ಪಾತ್ರಧಾರಿಗೆ ಇದೆಯೆಂಬ ಸತ್ಯವನ್ನು ತೆರೆ ಮುಚ್ಚಲಾರದೆಹೋಯಿತು.

ಈ ಸಂದರ್ಭದಲ್ಲಿ ಕನ್ನಡದ ಪ್ರೇಕ್ಷಕರಿಗೆ ತಮ್ಮದೇ ಗೂಢಚಾರನ ನೆನಪಾಗದಿರದು. ೧೯೬೮ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಚಿತ್ರದಲ್ಲಿ ರಾಜಕುಮಾರರನ್ನು ಸಿ.ಐ.ಡಿ. ೯೯೯ ಆಗಿ ತೆರೆಗೆ ತಂದಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ಬಹುಕಾಲದ ಮೇಲೆ ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದುವು. ಸಂಖ್ಯೆಯ ಕಲ್ಪನೆ ಲಂಡನ್ನಿನಿಂದ ಬಂದುದು ನಿಜ. ಆದರೆ ಆ ನಾಲ್ಕು ಚಿತ್ರಗಳಲ್ಲಿಯೂ ಸಂಖ್ಯೆಯನ್ನು ಧರಿಸಿದವರು ರಾಜಕುಮಾರರೊಬ್ಬರೇ. ಬೇಡರ ಕಣ್ಣಪ್ಪನಾಗಿ ಕಣ್ಣೀರು ತರಿಸಿದ್ದ ವ್ಯಕ್ತಿಯೇ ಪಿಸ್ತೂಲು ಹಿಡಿದಾಗ, ಕನ್ನಡಿಗರು ನೋಡಹೋದುದು ೯೯೯ನ್ನಲ್ಲ, ರಾಜಕುಮಾರರನ್ನು. ಇಂಗ್ಲೆಂಡಿನಲ್ಲಿ ಸಂಖ್ಯೆ ದೊಡ್ಡದಾಗಿ ಆಳುಗಳು ಬದಲಾದರು. ಇಲ್ಲಿ ಆಳು ದೊಡ್ಡವನಾಗಿ ಸಂಖ್ಯೆ ಅವನೊಡನೆಯೇ ನಿಂತಿತು. ಮಾಲೆ ಬೆಳೆಯಬೇಕಾದರೆ ನಾಯಕನು ನಟನಿಂದ ಬಿಡುಗಡೆ ಪಡೆಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಡಾಲ್ಟನ್ ಫ್ಲೆಮಿಂಗನ ಕಾದಂಬರಿಗಳನ್ನು ಶ್ರದ್ಧೆಯಿಂದ ಓದಿ ಪಾತ್ರಕ್ಕೆ ಗಾಂಭೀರ್ಯವನ್ನು ಮರಳಿ ತಂದನು. ೧೯೮೭ ಮತ್ತು ೧೯೮೯ರಲ್ಲಿ ಎರಡು ಚಿತ್ರಗಳಾದ ಮೇಲೆ ಕಾನೂನಿನ ತೊಡಕುಗಳಿಂದ ಆರು ವರ್ಷ ಕೆಲಸ ನಿಂತುಹೋಯಿತು. ಆ ಆರು ವರ್ಷಗಳಲ್ಲಿ ಜಗತ್ತೇ ಮಗ್ಗುಲು ಬದಲಾಯಿಸಿತು. ಬರ್ಲಿನ್ ಗೋಡೆಯಿಲ್ಲ, ಸೋವಿಯತ್ ಒಕ್ಕೂಟವಿಲ್ಲ. ಇನ್ನು ಗೂಢಚಾರನಿಗೇನು ಕೆಲಸವೆಂದು ಹಲವರು ಕೇಳಿದರು. ೧೯೯೫ರ ‘ಗೋಲ್ಡನ್‌ಐ’ ಆ ಪ್ರಶ್ನೆಯನ್ನು ತಾನೇ ಎತ್ತಿಕೊಂಡಿತು. ೧೯೯೨ರಲ್ಲಿ ಬ್ರಿಟನ್ನಿನ ಆಂತರಿಕ ಗುಪ್ತಚಾರ ಸಂಸ್ಥೆಗೆ ಸ್ಟೆಲ್ಲಾ ರಿಮಿಂಗ್ಟನ್ ಎಂಬ ಮಹಿಳೆ ಮುಖ್ಯಸ್ಥೆಯಾಗಿದ್ದಳು. ತೆರೆಯ ಮೇಲೆಯೂ ‘ಎಂ’ ಪದವಿಗೆ ಹೆಂಗಸೊಬ್ಬಳು ಬಂದಳು. ಜೂಡಿ ಡೆಂಚ್ ವಹಿಸಿದ ಆ ಅಧಿಕಾರಿಣಿ, ಹೊಸ ನಾಯಕ ಪಿಯರ್ಸ್ ಬ್ರಾಸ್ನನ್ನನನ್ನು ಎದುರಿಗೆ ನಿಲ್ಲಿಸಿಕೊಂಡು, ಹೆಂಗಸರನ್ನು ಲೆಕ್ಕಿಸದ, ಕಾಲ ಮೀರಿದ ಪ್ರಾಣಿ ನೀನೆಂದು ಮುಖಕ್ಕೆ ಹೇಳುತ್ತಾಳೆ. ಹಿಂದಿನ ಚಿತ್ರಗಳಲ್ಲಿ ನಾಯಕನು ಹೆಂಗಸರೊಡನೆ ನಡೆದುಕೊಂಡ ರೀತಿಯನ್ನು ಕುರಿತು ಹೊರಗಿನವರು ಆಡಬೇಕಾಗಿದ್ದ ಮಾತನ್ನು ಮಾಲೆ ತನ್ನ ಮನೆಯೊಳಗೇ ಆಡಿಸಿತು.

ವೈರಿಗಳ ಪಟ್ಟಿಯನ್ನು ನೋಡಿದರೆ ಅದು ಅರ್ಧ ಶತಮಾನದ ಭೀತಿಗಳ ಪಂಚಾಂಗದಂತಿದೆ. ೧೯೫೭ರ ಕಾದಂಬರಿಯಲ್ಲಿ ಶತ್ರುವಾಗಿದ್ದ ಸೋವಿಯತ್ ಸಂಸ್ಥೆಯನ್ನು ೧೯೬೩ರ ಚಿತ್ರದಲ್ಲಿಯೇ ಹಿನ್ನೆಲೆಗೆ ಸರಿಸಿ, ಯಾವ ದೇಶಕ್ಕೂ ಸೇರದ ಒಂದು ದುಷ್ಟಕೂಟವನ್ನು ಮುಂದಿಟ್ಟಿದ್ದರು. ಆ ಜಾಣ್ಮೆಯಿಂದ ಮಾಲೆ ಯಾವ ರಾಜಕಾರಣದೊಡನೆಯೂ ಮುಳುಗಲಿಲ್ಲ. ೧೯೮೯ರಲ್ಲಿ ಮಾದಕದ್ರವ್ಯದ ದೊರೆ, ೧೯೯೭ರಲ್ಲಿ ಸುದ್ದಿಗಾಗಿ ಯುದ್ಧವನ್ನೇ ಹೂಡುವ ಪತ್ರಿಕೋದ್ಯಮಿ, ೨೦೦೬ರಲ್ಲಿ ಭಯೋತ್ಪಾದಕರ ಹಣಕಾಸಿನ ದಲ್ಲಾಳಿ, ೨೦೦೮ರಲ್ಲಿ ಬೊಲಿವಿಯದ ನೀರನ್ನು ಕದಿಯುವವನು, ೨೦೧೨ರಲ್ಲಿ ಕಂಪ್ಯೂಟರಿನಿಂದಲೇ ಕೊಲೆಮಾಡಬಲ್ಲ ಮಾಜಿ ಗೂಢಚಾರ. ಕಾಲಕ್ಕೆ ತಕ್ಕ ರಾಕ್ಷಸನನ್ನು ಹುಡುಕುವುದರಲ್ಲಿ ಮಾಲೆ ಎಂದೂ ಸೋಮಾರಿಯಾಗಲಿಲ್ಲ.

೨೦೦೨ರಲ್ಲಿ ಹಳೆಯ ರೋಗ ಮರುಕಳಿಸಿತು. ‘ಡೈ ಅನದರ್ ಡೇ’ ಚಿತ್ರದಲ್ಲಿ ಕಣ್ಣಿಗೆ ಕಾಣದ ಕಾರು ಬಂದಿತು, ಮಂಜಿನ ಅರಮನೆ ಬಂದಿತು. ಗಳಿಕೆ ಮಾತ್ರ ಅಲ್ಲಿಯವರೆಗಿನ ಎಲ್ಲ ಬಾಂಡ್ ಚಿತ್ರಗಳಿಗಿಂತಲೂ ಹೆಚ್ಚು. ಆದರೂ ನಿರ್ಮಾಪಕರು, ಆಲ್ಬರ್ಟ್ ಬ್ರಾಕಲಿಯ ಮಗಳು ಬಾರ್ಬರಾ ಮತ್ತು ಮಲಮಗ ಮೈಕೇಲ್ ವಿಲ್ಸನ್, ಗೆದ್ದ ಕುದುರೆಯಿಂದ ಕೆಳಗಿಳಿದರು. ೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕ್ ಕಂಡ ಹೊಗೆಯ ಮುಂದೆ ಮಾಯಾಕಾರು ನಗೆಪಾಟಲಾಗಿ ಕಂಡಿತು. ಬೋರ್ನ್ ಎಂಬ ಇನ್ನೊಬ್ಬ ಗೂಢಚಾರನ ಚಿತ್ರಗಳು ಆಗ ಒರಟಾದ, ಮೈಗೆ ನೋವಾಗುವ ಹೊಡೆದಾಟವನ್ನು ತೋರಿಸುತ್ತಿದ್ದುವು. ೨೦೦೬ರಲ್ಲಿ ಫ್ಲೆಮಿಂಗನ ಮೊದಲ ಕಾದಂಬರಿಗೇ ಹಿಂದಿರುಗಿ ‘ಕಸೀನೋ ರಾಯಲ್’ ತೆಗೆದರು. ಡೇನಿಯಲ್ ಕ್ರೇಗ್ ವಹಿಸಿದ ನಾಯಕನು ಅದರಲ್ಲಿ ಕೊಲ್ಲುವ ಪರವಾನಗಿಯನ್ನು ಆಗತಾನೇ ಪಡೆದವನು. ಅವನಿಗೆ ಹಿಂದಿಲ್ಲ, ಟ್ರೇಸಿಯಿಲ್ಲ. ಮೇಲಧಿಕಾರಿಣಿ ಮಾತ್ರ ಅದೇ ಜೂಡಿ ಡೆಂಚ್; ಮನೆಯ ಹಿರಿಯರನ್ನು ಬಿಡಲು ನಿರ್ಮಾಪಕರಿಗೆ ಮನಸ್ಸಾಗಲಿಲ್ಲ.

ಹೊರನೋಟಕ್ಕೆ ಇದು ಎಂದಿನ ತಿದ್ದುಪಡಿಯಂತೆ ಕಂಡಿತು. ನಿಜವಾಗಿ ಆದುದು ಅದಕ್ಕಿಂತ ದೊಡ್ಡದು. ಚಿತ್ರದ ಕೊನೆಯಲ್ಲಿ ನಾಯಕನು ಪ್ರೀತಿಸಿದ ವೆಸ್ಪರ್ ಎಂಬ ಹೆಣ್ಣು ಅವನ ಕಣ್ಣೆದುರಿನಲ್ಲಿಯೇ ನೀರಿನಲ್ಲಿ ಮುಳುಗಿ ಸಾಯುತ್ತಾಳೆ. ೧೯೭೧ರಲ್ಲಿ ಮಾಡಿದಂತೆ ಈ ಸಲ ಅದನ್ನು ಮರೆಯಲಿಲ್ಲ. ೨೦೦೮ರ ಚಿತ್ರ ಹಿಂದಿನದು ನಿಂತಲ್ಲಿಂದಲೇ ಮುಂದುವರಿಯಿತು. ಒಂದು ಚಿತ್ರದ ಕಥೆಯನ್ನು ಇನ್ನೊಂದು ನೇರವಾಗಿ ಹಿಡಿದು ನಡೆದುದು ಮಾಲೆಯ ಚರಿತ್ರೆಯಲ್ಲಿ ಅದೇ ಮೊದಲು. ಬಿಡಿ ಕಥೆಗಳ ಮಾಲೆ ಅಲ್ಲಿಂದ ಧಾರಾವಾಹಿಯಾಯಿತು. ಕರ್ಣನು ತನ್ನ ಸಹಜ ಕವಚವನ್ನು ಇಂದ್ರನಿಗೆ ಕೊಡುವಾಗ ಪರಿಣಾಮವನ್ನು ಅರಿಯದೆ ಕೊಟ್ಟವನಲ್ಲ. ತಂದೆಯಾದ ಸೂರ್ಯನು ಮುಂಚೆಯೇ ಎಚ್ಚರಿಸಿದ್ದನು. ಕವಚವನ್ನು ಕೊಯ್ದುಕೊಟ್ಟ ಮೇಲೆಯೇ ಕರ್ಣನು ದೊಡ್ಡವನಾದುದು. ಕವಚ ಹೋದ ಮೇಲೆಯೇ ಅವನ ಸಾವು ನಿಶ್ಚಯವಾದುದು. ಬಾಂಡನ ವಿಷಯದಲ್ಲಿಯೂ ಎರಡೂ ಒಟ್ಟಿಗೆ ನಡೆದುವು.

೨೦೧೨ರ ‘ಸ್ಕೈಫಾಲ್’ ಮಾಲೆಯ ಐವತ್ತನೆಯ ವರ್ಷದಲ್ಲಿ ಬಂದಿತು. ಅದರಲ್ಲಿ ನಾಯಕನ ಗುರಿ ತಪ್ಪುತ್ತದೆ, ಕೈ ನಡುಗುತ್ತದೆ. ಬಾಲ್ಯದ ಮನೆ, ತಂದೆತಾಯಿಗಳ ಸಮಾಧಿ ಮೊದಲ ಬಾರಿಗೆ ತೆರೆಗೆ ಬರುತ್ತವೆ. ಅವನ ತೋಳಿನಲ್ಲಿಯೇ ‘ಎಂ’ ಪ್ರಾಣಬಿಡುತ್ತಾಳೆ. ಚಿತ್ರದ ಗಳಿಕೆ ನೂರು ಕೋಟಿ ಡಾಲರನ್ನು ದಾಟಿತು. ಮುಪ್ಪಿಲ್ಲದ ನಾಯಕನಿಗಿಂತ ಮುಪ್ಪನ್ನು ಅರಿತ ನಾಯಕನೇ ಪ್ರೇಕ್ಷಕರಿಗೆ ಹೆಚ್ಚು ಬೇಕಾದವನಾಗಿದ್ದನು.

‘ನೋ ಟೈಮ್ ಟು ಡೈ’ ೨೦೨೦ರ ಏಪ್ರಿಲಿನಲ್ಲಿ ಬರಬೇಕಾಗಿತ್ತು. ಕೋವಿಡ್ ಮಹಾಮಾರಿಯ ದೆಸೆಯಿಂದ ೨೦೨೧ರ ಸೆಪ್ಟೆಂಬರ್ ೨೮ರಂದು ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡಿತು. ಚಿತ್ರದ ಆರಂಭದಲ್ಲಿ ನಾಯಕನು ಇಟಲಿಯ ಮತೇರದಲ್ಲಿ ವೆಸ್ಪರಳ ಸಮಾಧಿಗೆ ಹೋಗುತ್ತಾನೆ. ಅಲ್ಲಿಯೇ ಸಿಡಿಮದ್ದು ಸಿಡಿಯುತ್ತದೆ. ೧೯೮೧ರಲ್ಲಿ ಗುರುತಿನ ಉಂಗುರವಾಗಿದ್ದ ಸಮಾಧಿ ೨೦೨೧ರಲ್ಲಿ ಬಾಳನ್ನೇ ಒಡೆಯಿತು. ನಿವೃತ್ತನಾದ ಅವನ ಸಂಖ್ಯೆ ನೋಮಿ ಎಂಬ ತರುಣಿಗೆ ಸಂದಿದೆ. ೦೦೭ ಎಂದರೆ ಈಗ ಅವನಲ್ಲ. ಅವನಿಗೊಬ್ಬಳು ಮಗಳಿರುವುದು ತಡವಾಗಿ ತಿಳಿಯುತ್ತದೆ. ವೈರಿಯ ಆಯುಧ, ಸ್ಪರ್ಶದಿಂದ ಹರಡಿ, ಗೊತ್ತುಮಾಡಿದ ರಕ್ತಸಂಬಂಧದವರನ್ನು ಮಾತ್ರ ಕೊಲ್ಲುವ ವಿಷ. ಅದು ನಾಯಕನ ಮೈಗೆ ಅಂಟುತ್ತದೆ. ಇನ್ನು ಅವನು ಬದುಕಿದರೂ ಮಡದಿಯಂತಿದ್ದವಳನ್ನು, ಮಗಳನ್ನು ಮುಟ್ಟುವಂತಿಲ್ಲ. ಕ್ಷಿಪಣಿಗಳು ದ್ವೀಪದ ಮೇಲೆ ಬೀಳುವ ವೇಳೆಗೆ ಅವನು ಓಡುವುದಿಲ್ಲ, ನಿಂತು ಕಾಯುತ್ತಾನೆ. ಚಿತ್ರದ ಕೊನೆಗೆ, ೧೯೬೯ರ ಚಿತ್ರಕ್ಕಾಗಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದ ಗೀತೆ ಐವತ್ತೆರಡು ವರ್ಷಗಳ ಬಳಿಕ ಮತ್ತೆ ಕೇಳಿಬರುತ್ತದೆ. ಎಂದೋ ಆಚರಿಸದೆ ಬಿಟ್ಟಿದ್ದ ಸೂತಕವನ್ನು ಮಾಲೆ ಅಂದು ತೀರಿಸಿತು.

ಈ ಮುಗಿವನ್ನು ಒಪ್ಪದವರೂ ಇದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಮ���ೆಮಂದಿಯ ಸಾವು, ವಿರಹ, ಮುಪ್ಪು ಎಲ್ಲರ ಬಾಳಿನಲ್ಲಿಯೂ ಇದ್ದೇ ಇವೆ. ಹಣ ಕೊಟ್ಟು ಕತ್ತಲೆಯಲ್ಲಿ ಕುಳಿತು ಅದನ್ನೇ ನೋಡಬೇಕೇ? ಸಾಯದ ಒಬ್ಬನಾದರೂ ಇರಲೆಂಬ ಆಸೆ ಹುಡುಗತನದ್ದೇ ಇರಬಹುದು, ಆದರೆ ಕಥೆ ಹುಟ್ಟಿದುದೇ ಅಂತಹ ಆಸೆಗಳಿಂದ. ಇದಕ್ಕೆ ಒಂದೇ ಉತ್ತರ: ಸಾಯಲಾರದವನು ಯಾರಿಗಾಗಿಯೂ ಸಾಯಲಾರ. ಮರೆವಿನ ಕವಚವನ್ನು ತೊಟ್ಟ ನಾಯಕನು ಜಗತ್ತನ್ನು ಇಪ್ಪತ್ತು ಸಲ ಉಳಿಸಿದನು. ಆದರೂ ಅವನಿಗೆ ಅದರಿಂದ ತಗುಲಿದ ನಷ್ಟವೇನೂ ಇರಲಿಲ್ಲ. ಕವಚವನ್ನು ಕಳಚಿದವನು ಒಂದು ಮಗುವನ್ನು ಉಳಿಸಿದನು, ಬೆಲೆಯನ್ನು ತಾನೇ ತೆತ್ತನು.

ಇಷ್ಟಕ್ಕೂ ಈ ಮಾಲೆಯಲ್ಲಿ ಮರೆತವನು ನಾಯಕ ಮಾತ್ರ. ಅವನ ಪರವಾಗಿ ನೆನಪಿಟ್ಟುಕೊಂಡವರು ಬೇರೆ ಇದ್ದರು. ಸಾಲ್ಟ್ಸ್‌ಮನ್ ೧೯೭೫ರಲ್ಲಿ ಪಾಲನ್ನು ಮಾರಿ ಹೊರಟಮೇಲೆ ಬ್ರಾಕಲಿಯ ಮನೆತನವೇ ಇದನ್ನು ಕಾಯ್ದಿತು. ಆಲ್ಬರ್ಟ್ ೧೯೯೬ರಲ್ಲಿ ತೀರಿಕೊಂಡ ಬಳಿಕ ಮಕ್ಕಳು ನಡೆಸಿದರು. ಜ್ವಾಲಾಮುಖಿಯ ತರುವಾಯ ಏನಾಯಿತು, ಬಾಹ್ಯಾಕಾಶದ ತರುವಾಯ ಏನು ಮಾಡಬೇಕಾಯಿತು ಎಂಬುದು ಆ ಮನೆಯಲ್ಲಿ ಊಟದ ಹೊತ್ತಿನ ಮಾತಾಗಿದ್ದಿರಬೇಕು. ೨೦೦೨ರ ಮಂಜಿನ ಅರಮನೆಯಿಂದ ೨೦೦೬ರ ಇಸ್ಪೀಟಿನ ಮೇಜಿಗೆ ಇಳಿಯುವ ಧೈರ್ಯ ಅಂತಹ ನೆನಪಿನಿಂದಲೇ ಬರುವುದು. ೨೦೨೨ರಲ್ಲಿ ಅಮೆಜಾನ್ ಸಂಸ್ಥೆ ಎಂ.ಜಿ.ಎಂ. ಕಂಪೆನಿಯನ್ನು ಕೊಂಡುಕೊಂಡಿತು. ೨೦೨೫ರ ಫೆಬ್ರವರಿಯಲ್ಲಿ ಬಾರ್ಬರಾ ಮತ್ತು ವಿಲ್ಸನ್ ಇಬ್ಬರೂ ಚಿತ್ರಗಳನ್ನು ರೂಪಿಸುವ ಅಧಿಕಾರವನ್ನು ಆ ಸಂಸ್ಥೆಗೆ ಒಪ್ಪಿಸಿಕೊಟ್ಟರು. ಜೂನ್ ತಿಂಗಳಿನಲ್ಲಿ ಡೆನಿ ವಿಲ್‌ನೂವ್ ಮುಂದಿನ ಚಿತ್ರದ ನಿರ್ದೇಶಕನೆಂದು ಪ್ರಕಟಣೆ ಹೊರಟಿತು. ಅರವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಹಚ್ಚಿಟ್ಟಿದ್ದ ದೀಪ ಇನ್ನೊಂದು ಮನೆಗೆ ಹೋಯಿತು.

ಹೊಸ ನಾಯಕನು ಎಲ್ಲವನ್ನೂ ಮರೆತೇ ಬರುತ್ತಾನೆ. ಅದು ಮಾಲೆಯ ಧರ್ಮ. ೨೦೨೧ರ ಚಿತ್ರ, ನಾಯಕನು ಸತ್ತ ಮೇಲೆಯೂ, ಜೇಮ್ಸ್ ಬಾಂಡ್ ಮತ್ತೆ ಬರುತ್ತಾನೆಂಬ ಎಂದಿನ ವಾಕ್ಯವನ್ನು ತೋರಿಸಿಯೇ ಮುಗಿದಿತ್ತು. ಅವನು ಬಂದಾಗ ಅವನ ಪರವಾಗಿ ನೆನಪಿಟ್ಟುಕೊಳ್ಳುವವರು ಹೊಸ ಮನೆಯಲ್ಲಿ ಇರುವರೇ ಎಂಬುದೇ ಪ್ರಶ್ನೆ. ಇಲ್ಲದಿದ್ದರೂ ಸಭಾಂಗಣದ ಕತ್ತಲೆಯಲ್ಲಿ ಒಬ್ಬರಾದರೂ ಇರುತ್ತಾರೆ. ೧೯೬೯ರ ಚಿತ್ರವನ್ನು ತಂದೆಯ ಪಕ್ಕದಲ್ಲಿ ಕುಳಿತು ನೋಡಿದ ಹುಡುಗ ಈಗ ಮೊಮ್ಮಗನನ್ನು ಕರೆತಂದಿರುತ್ತಾನೆ. ನಳಿಗೆಯೊಳಗಿನಿಂದ ಹೊಸ ಮುಖ ಕಾಣಿಸಿದೊಡನೆ ಮೊಮ್ಮಗನು ತಾತನ ಕಡೆಗೆ ಬಾಗಿ, “ಇದಕ್ಕೆ ಮುಂಚೆ ಏನಾಯಿತು?” ಎಂದು ಕೇಳುತ್ತಾನೆ. ತಾತನು ತುಸು ಹೆಮ್ಮೆಯಿಂದಲೇ ಕಥೆಯ ಎಳೆಯನ್ನು ಜೋಡಿಸಿಕೊಡುತ್ತಾನೆ.